ಕೌದಿಯನ್ನು ನೋಡುವ ಬಗೆ

ಕೌದಿಯ ಸೊಬಗಿಗೆ ಮನಸೋತವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: “ಒಳ್ಳೆಯ ಚಿತ್ರದ ಹಾಗಿದೆ.” ಮಾತು ಪ್ರಶಂಸೆಯದೇ, ಆದರೆ ಅದರೊಳಗೆ ಒಂದು ಅನಾದರವೂ ಅಡಗಿದೆ. ಚಿತ್ರದ ಹಾಗಿರುವುದರಿಂದ ಇದು ಕಲೆ, ಹಾಗಿಲ್ಲದಿದ್ದರೆ ಬರಿಯ ಹೊದಿಕೆ ಎಂದಲ್ಲವೆ ಅದರ ಅರ್ಥ? ಕೌದಿಯನ್ನು ಕೌದಿಯಾಗಿಯೇ ಮೆಚ್ಚುವುದು ಹೇಗೆ ಎಂಬುದು ನನ್ನ ಪ್ರಶ್ನೆ. ಉತ್ತರವನ್ನು ಬಣ್ಣದಲ್ಲಿ ಹುಡುಕುವುದಕ್ಕಿಂತ ಹೊಲಿಗೆಯಲ್ಲಿ ಹುಡುಕುವುದು ಮೇಲು ಎಂದು ನನಗೆ ತೋರುತ್ತದೆ.

ಅಮೆರಿಕದ ಅಲಬಾಮ ಸಂಸ್ಥಾನದಲ್ಲಿ, ನದಿಯೊಂದರ ತಿರುವಿನೊಳಗೆ, ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಹೆಂಗಸರು ಹತ್ತಿಯ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕದ ಜನರ ಸಂತತಿಯವರು. ಅವರು ಚಳಿಗಾಗಿ ಹೊಲಿದುಕೊಂಡ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿಯೂ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಗೋಡೆಗೆ ತೂಗುಹಾಕಿದರು. ನೋಡಿದ ವಿಮರ್ಶಕರು ಮತೀಸ್, ಪಾಲ್ ಕ್ಲೇ ಮೊದಲಾದ ಚಿತ್ರಕಾರರ ಹೆಸರೆತ್ತಿ ಹೊಗಳಿದರು. 2006ರಲ್ಲಿ ಈ ಹೊದಿಕೆಗಳು ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದುವು. ಹೊಗಳಿಕೆ ಅನರ್ಹರಿಗೆ ಸಂದಿತೆಂದು ನಾನು ಹೇಳುವುದಿಲ್ಲ. ಆದರೆ ಆ ಹೊಗಳಿಕೆ ಹೊದಿಕೆಯ ಮೇಲ್ಮೈಯನ್ನು ಮಾತ್ರ ಕಂಡಿತು.

ಆ ಹಳ್ಳಿಯ ಅಚ್ಚುಮೆಚ್ಚಿನ ಮಾದರಿಯೊಂದಕ್ಕೆ ಹೌಸ್‌ಟಾಪ್, ಎಂದರೆ ಮನೆಯ ಮಾಡು, ಎಂದು ಹೆಸರು. ನಡುವೆ ಒಂದು ಚೌಕದ ತುಂಡು. ಅದರ ನಾಲ್ಕು ಮಗ್ಗುಲಿಗೂ ಒಂದೊಂದು ಪಟ್ಟಿ. ಆ ಪಟ್ಟಿಗಳ ಸುತ್ತ ಮತ್ತೆ ಪಟ್ಟಿಗಳು. ಹೀಗೆ ಚೌಕದ ಹೊರಗೆ ಚೌಕ ಬೆಳೆಯುತ್ತ ಹೋಗುತ್ತದೆ. ಮೇಲುಹಾಸು ಪೂರ್ತಿಯಾದ ಮೇಲೆ ಅದರ ಕೆಳಗೆ ಹಿಂಜಿದ ಹತ್ತಿಯನ್ನು ಹರಡಿ, ಅಡಿಯಲ್ಲಿ ಇನ್ನೊಂದು ಬಟ್ಟೆಯಿಟ್ಟು, ಮೂರು ಪದರಗಳನ್ನೂ ಸೇರಿಸಿ ಹೊಲಿಯುತ್ತಾರೆ. ಎಂದರೆ ಅಲ್ಲಿ ಕೆಲಸ ಎರಡು: ಮೊದಲು ಕೂಡಿಸುವುದು, ಅನಂತರ ಹೊಲಿದು ಬಿಗಿಯುವುದು.

ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತಿನ ಕಾಡಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಇವರೂ ಮೂಲದಲ್ಲಿ ಆಫ್ರಿಕದವರೇ. ಪೋರ್ತುಗೀಜರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಇವರಲ್ಲಿ ಬಹುಮಂದಿ. ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿಯೂ ಚೌಕದೊಳಗೆ ಚೌಕ ಕಾಣುತ್ತದೆ, ಬಣ್ಣದ ಪಕ್ಕದಲ್ಲಿ ಎದುರು ಬಣ್ಣ ಅದೇ ಧೈರ್ಯದಿಂದ ಕುಳಿತಿರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಅಕ್ಕತಂಗಿಯರೆನ್ನಬೇಕು. “ರಕ್ತದ ಗುಣ” ಎಂದು ಹೇಳಿ ಮಾತು ಮುಗಿಸುವ ಆಸೆ ಯಾರಿಗೂ ಬರುತ್ತದೆ.

ಆದರೆ ಸೂಜಿ ಹೋದ ದಾರಿಯನ್ನು ಹಿಡಿದು ನೋಡಿರಿ. ಸಿದ್ದಿಯ ಹೆಂಗಸು ಮೊದಲು ಅಡಿಬಟ್ಟೆಯನ್ನು, ಸಾಮಾನ್ಯವಾಗಿ ಒಂದು ಹಳೆಯ ಸೀರೆಯನ್ನು, ಬೇಕಾದ ಅಳತೆಗೆ ಹಾಸಿಕೊಳ್ಳುತ್ತಾಳೆ. ತೊಟ್ಟಿಲ ಮಗುವಿಗೆ ಒಂದಳತೆ, ದೊಡ್ಡವರಿಗೆ ಒಂದಳತೆ. ಅನಂತರ ಒಂದು ಮೂಲೆಯಿಂದ ಹೊರಟು, ಚಿಂದಿಯ ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಇಳಿಸಿ ಎತ್ತಿ, ಇಳಿಸಿ ಎತ್ತಿ, ಅಂಚಿನ ಉದ್ದಕ್ಕೂ ನಡೆಯುತ್ತಾಳೆ. ಒಂದು ತುಂಡು ಮುಗಿಯುವ ಕಡೆ ಇನ್ನೊಂದು ತುಂಡು. ನಾಲ್ಕು ಅಂಚುಗಳ ಸುತ್ತು ಮುಗಿದರೆ ಅದರ ಒಳಗಿನ ಸುತ್ತು. ಹೀಗೆ ಸುತ್ತಿ ಸುತ್ತಿ ನಡುವಿಗೆ ಬಂದು ಸೇರುತ್ತಾಳೆ. ಇಲ್ಲಿ ಕೂಡಿಸುವುದು ಬೇರೆಯಲ್ಲ, ಬಿಗಿಯುವುದು ಬೇರೆಯಲ್ಲ. ಒಂದೇ ಹೊಲಿಗೆ ಎರಡನ್ನೂ ಮಾಡುತ್ತದೆ. ಕಡೆಯಲ್ಲಿ ನಾಲ್ಕು ಮೂಲೆಗಳಿಗೂ ಮುಕ್ಕೋನೆಯಾಗಿ ಮಡಚಿದ ಬಟ್ಟೆಯನ್ನಿಡುತ್ತಾಳೆ. ಅದಕ್ಕೆ “ಫೂಲ”, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ.

ಅಲಬಾಮದ ಹೊದಿಕೆ ನಡುವಿನಿಂದ ಅಂಚಿಗೆ ಬೆಳೆದರೆ, ಯಲ್ಲಾಪುರದ ಕೌದಿ ಅಂಚಿನಿಂದ ನಡುವಿಗೆ ಇಳಿಯಿತು. ಇದು ಕೇವಲ ಕಸಬಿನ ವಿವರವಲ್ಲ. ಕಲೆಯ ಸ್ವರೂಪವೇ ಇದರಿಂದ ಬೇರೆಯಾಗುತ್ತದೆ. ಹೊರಕ್ಕೆ ಬೆಳೆಸುವವಳಿಗೆ ಬಯಲು ಎದುರಿಗಿದೆ. ಬಟ್ಟೆಯಿದ್ದರೆ ಇನ್ನೊಂದು ಸುತ್ತು, ಇಲ್ಲದಿದ್ದರೆ ಸಾಕು. ಒಳಕ್ಕೆ ನಡೆಯುವವಳಿಗೆ ಎಲ್ಲೆ ಮೊದಲೇ ಗೊತ್ತಾಗಿದೆ. ಒಂದೊಂದು ತುಂಡಿಗೂ ಉಳಿದ ಜಾಗ ಕಿರಿದಾಗುತ್ತದೆ, ಅಂಚಿನಲ್ಲಿ ಮಾಡಿದ ಆಯ್ಕೆಗೆ ನಡುವಿನಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಸಿದ್ದಿ ಕೌದಿಯ ನಡುಭಾಗದಲ್ಲಿ ಕಾಣುವ ಇಕ್ಕಟ್ಟು, ಅಲ್ಲಿ ಪಟ್ಟನೆ ಬರುವ ಒಂದು ಕೆಂಪು ತುಂಡು, ಸ್ವಲ್ಪ ವಾರೆಯಾಗಿ ಕುಳಿತ ಒಂದು ಪಟ್ಟಿ, ಇವನ್ನು ಅಂದಗೇಡು ಎನ್ನುವವನು ಅವಳ ನಡೆಯನ್ನು ಅರಿಯದವನು. ರಾಗದ ವಿಸ್ತಾರವನ್ನೆಲ್ಲ ಮುಗಿಸಿ ಗಾಯಕ ಷಡ್ಜಕ್ಕೆ ಬಂದು ನಿಲ್ಲುವುದರಲ್ಲಿ ಯಾವ ಸುಖವಿದೆಯೋ, ಒಳ್ಳೆಯ ಕೌದಿಯ ಕಡೆಯ ತುಂಡಿನಲ್ಲಿ ಅಂಥ ಸುಖವಿದೆ. ರಕ್ತದ ಮಾತು ಈ ಭೇದವನ್ನು ಎಂದಿಗೂ ವಿವರಿಸಲಾರದು.

ಇನ್ನು ಬಟ್ಟೆಯ ವಿಚಾರ. ಜೀಸ್ ಬೆಂಡಿನ ಮಿಸ್ಸೂರಿ ಪೆಟ್ವೆ ಎಂಬಾಕೆ ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನ ಕೆಲಸದ ಬಟ್ಟೆಗಳನ್ನು ಹರಿದು ಒಂದು ಹೊದಿಕೆ ಹೊಲಿದಳು. ಅವನ ನೆನಪಿಗೆ, ಅವನ ಪ್ರೀತಿಯನ್ನು ಹೊದೆದು ಮಲಗುವುದಕ್ಕೆ ಎಂದು ಮಗಳಿಗೆ ಹೇಳಿದ್ದಳಂತೆ. ಅಲ್ಲಿಯ ಇಂಥ ಹೊದಿಕೆಗಳಲ್ಲಿ ಕಿಸೆ ಬಿಚ್ಚಿದ ಕಡೆ ಮಾಸದ ಗಾಢ ಬಣ್ಣ ಉಳಿದಿರುತ್ತದೆ, ಮೊಣಕಾಲು ಸವೆದ ಕಡೆ ಬಟ್ಟೆ ಬಿಳಿಚಿಕೊಂಡಿರುತ್ತದೆ. ಚಿತ್ರಕಾರನಿಗೆ ಬಣ್ಣ ಅಂಗಡಿಯಿಂದ ಬರುತ್ತದೆ. ಇಲ್ಲಿ ಬಣ್ಣ ಒಬ್ಬನ ಬೆವರು ಬಿಸಿಲುಗಳಿಂದ ಬಂದದ್ದು. ಇದನ್ನು ಬಿಟ್ಟು ಬರಿಯ ವರ್ಣಮೇಳವನ್ನು ಕೊಂಡಾಡುವುದು, ಅರ್ಥವನ್ನು ಬಿಟ್ಟು ಪ್ರಾಸವನ್ನು ಕೊಂಡಾಡಿದಂತೆ.

ಹೀಗೆ ನೋಡುವುದರಿಂದ ಏನು ಲಾಭ ಎಂದು ಕೇಳಬಹುದು. ಲಾಭವೂ ನಷ್ಟವೂ ಹೊಲಿದವಳದು. ಇಂದು ಸಿದ್ದಿ ಕೌದಿ ಪೇಟೆಗೆ ಬಂದಿದೆ, ದೂರದ ಊರುಗಳ ಗೋಡೆಗೂ ಏರಿದೆ. ಕೊಳ್ಳುವವನು ಚಿತ್ರವನ್ನಷ್ಟೇ ಬಯಸಿದರೆ, ಅಳತೆ ಹಿಡಿದು ಕತ್ತರಿಸಿದ ಹೊಸ ಬಟ್ಟೆಯನ್ನು ಯಂತ್ರದಲ್ಲಿ ಹೊಲಿದು ಕೊಡುವವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಕೈಹೊಲಿಗೆಯ ದಿನಗಳಿಗೆ ಕೂಲಿ ಕೊಡುವವರು ಇರುವುದಿಲ್ಲ. ನಡೆಯನ್ನು ಬಲ್ಲವನು ಮಾತ್ರ ಕೈಗೆ ಬೆಲೆ ಕಟ್ಟಬಲ್ಲ. ಹೆಸರಿನ ಮಾತೂ ಹೀಗೆಯೇ. ಜೀಸ್ ಬೆಂಡಿನ ಹೊದಿಕೆಯ ಕೆಳಗೆ ಹೊಲಿದವಳ ಹೆಸರು, ಹೊಲಿದ ವರ್ಷ ಎರಡೂ ಇರುತ್ತವೆ. ನಮ್ಮಲ್ಲಿ “ಸಿದ್ದಿ ಕೌದಿ” ಎಂದು ಕುಲದ ಹೆಸರು ಬರೆದು ಕೈತೊಳೆದುಕೊಳ್ಳುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಕುಲ ಸೂಜಿ ಹಿಡಿಯುವುದಿಲ್ಲ. ಮೊದಲ ಮೂಲೆಗೆ ನೀಲಿ ಬೇಕೋ ಹಳದಿ ಬೇಕೋ ಎಂದು ಗೊತ್ತುಮಾಡಿದವಳು ಒಬ್ಬ ಹೆಂಗಸು, ಅವಳಿಗೆ ಹೆಸರಿದೆ.

ಪ್ರದರ್ಶನ ಏರ್ಪಡಿಸುವವರಲ್ಲಿ ನನ್ನದು ಎರಡು ಬಿನ್ನಹ. ಕೌದಿಯ ಜೊತೆಗೆ ಹೊಲಿದವಳ ಹೆಸರನ್ನು ಬರೆಯಿರಿ. ಅದನ್ನು ಗೋಡೆಗೆ ಒತ್ತಿ ಹಾಕದೆ, ಹಿಮ್ಮೈಯೂ ಕಾಣುವಂತೆ ನಡುಮನೆಯಲ್ಲಿ ತೂಗುಹಾಕಿರಿ. ಹಿಂಬದಿಯ ಹಳೆಯ ಸೀರೆಯ ಮೇಲೆ ತುಂಡುಗಳಿಲ್ಲ, ಬಣ್ಣಗಳ ಗದ್ದಲವಿಲ್ಲ. ಅಂಚಿನಿಂದ ನಡುವಿನವರೆಗೆ ಅವಳು ನಡೆದುಬಂದ ದಾರಿ, ದಾರದ ಸಾಲುಸಾಲಾಗಿ, ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.