ಶಬ್ದವಿಕಾರವೂ ದ್ವೇಷಮತವೂ: ಕ್ಲೆಂಪೆರರ್ ಪಂಡಿತರ ಒಂದು ಗ್ರಂಥ

ದ್ವೇಷಮತವು ಮೊದಲು ನುಡಿಯಲ್ಲಿ ನೆಲೆಗೊಂಡು ಅನಂತರ ನಡೆಯಲ್ಲಿ ತೋರುತ್ತದೆಂಬುದಕ್ಕೆ ವಿಕ್ಟರ್ ಕ್ಲೆಂಪೆರರ್ ಪಂಡಿತರು 1947ರಲ್ಲಿ ಪ್ರಕಟಿಸಿದ ‘ಎಲ್‌ಟಿಐ’ ಎಂಬ ಜರ್ಮನ್ ಗ್ರಂಥವೇ ಪ್ರಮಾಣ. ‘ಮೂರನೆಯ ಸಾಮ್ರಾಜ್ಯದ ಭಾಷೆ’ ಎಂಬುದು ಆ ಹೆಸರಿನ ಅರ್ಥ. ಡ್ರೆಸ್ಡೆನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಇವರನ್ನು ಯೆಹೂದಿ ಕುಲದವರೆಂದು ನಾಜಿ ಸರಕಾರವು 1935ರಲ್ಲಿ ಪದಚ್ಯುತಗೊಳಿಸಿತು. ಗ್ರಂಥಾಲಯವೂ ನಿಷಿದ್ಧವಾಗಲು, ವೃತ್ತಪತ್ರಿಕೆಗಳೂ ಬೀದಿಮಾತುಗಳೂ ಇವರಿಗೆ ಆಕರಗಳಾದುವು.

ಅಂಧಾಭಿಮಾನವನ್ನು ಸೂಚಿಸುವ ‘ಫನಾಟಿಶ್’ ಎಂಬ ನಿಂದಾಪದವು ಆ ಆಳ್ವಿಕೆಯಲ್ಲಿ ಪ್ರಶಂಸಾಪದವಾದುದನ್ನು ತೋರಿಸುವ ಭಾಗವು ಗ್ರಂಥದ ಸಾರವಾಗಿದೆ. ದೋಷವೇ ಗುಣವೆನಿಸಿದ ಮೇಲೆ ಹಿಂಸೆಗೆ ಸಂಕೋಚವೆಲ್ಲಿಯದು? ಪೀಡಿತರೂ ಅರಿಯದೆ ಆ ನುಡಿಯನ್ನೇ ಆಡುತ್ತಿದ್ದುದು ಇನ್ನೂ ಭಯಾವಹ.

ದಿನಚರಿಯಿಂದ ಬೆಳೆದ ಗ್ರಂಥವಾದುದರಿಂದ ಇದರಲ್ಲಿ ಶಾಸ್ತ್ರಕ್ರಮವು ಶಿಥಿಲವಾಗಿದೆ. ಆದರೆ ಸಾಕ್ಷ್ಯವು ದೃಢವಾಗಿದೆ. ದ್ವೇಷಸಂಘಗಳು ಇಂದಿಗೂ ಹಲವು ದೇಶಗಳಲ್ಲಿ ತಲೆಯೆತ್ತುತ್ತಿರಲು, ಅವನ್ನೆದುರಿಸುವುದಕ್ಕೆ ದಂಡನೀತಿಯೊಂದೇ ಸಾಲದು. ಪದದ ಅರ್ಥವು ಕೆಡುವಾಗಲೇ ಅದನ್ನು ಗುರುತಿಸಿ ಹೇಳುವುದು ಭಾಷಾಧ್ಯಾಪಕರ ಧರ್ಮವೆಂಬುದು ಈ ಗ್ರಂಥದಿಂದ ಸಿದ್ಧವಾಗುತ್ತದೆ.