ಪಟ್ಟಿಯಲ್ಲಿ ಹೆಸರು

ಭಾರತದ ಮತಾಧಿಕಾರದ ಕಥೆ ಹೇಳುವವರೆಲ್ಲ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರಿಂದಲೇ ಶುರುಮಾಡುತ್ತಾರೆ. 1951-52ರ ಚುನಾವಣೆ, ಸುಮಾರು 17.3 ಕೋಟಿ ಮತದಾರರು, ಚಿಹ್ನೆ ಅಂಟಿಸಿದ ಪೆಟ್ಟಿಗೆಗಳು. ಇತಿಹಾಸಕಾರ ರಾಮಚಂದ್ರ ಗುಹಾ ಇದನ್ನು ಸೊಗಸಾಗಿ ಬರೆದರು. ನಮ್ಮವರು ಇನ್ನೂ ಅದನ್ನೇ ಒಪ್ಪಿಸುತ್ತಿದ್ದಾರೆ. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರು ಆ ಪಟ್ಟಿಯಿಂದ ಹೊರಗುಳಿದದ್ದು ಈ ಹೊಗಳಿಕೆಯಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಮತದಾರರ ಪಟ್ಟಿ ತಯಾರಾದ ಬಗೆಯನ್ನು ಹೇಳುವ, ಇತಿಹಾಸಕಾರ್ತಿ ಓರ್ನಿತ್ ಶಾನಿ ಅವರ ‘ಹೌ ಇಂಡಿಯಾ ಬಿಕೇಮ್ ಡೆಮಾಕ್ರಟಿಕ್’ (2018) ಈ ಹೊಗಳಿಕೆಗಳಿಗಿಂತ ದೊಡ್ಡ ಕೃತಿ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರಿನ ಪ್ರಶಸ್ತಿಯೂ ಅದಕ್ಕೆ ಬಂತು. ಕನ್ನಡದಲ್ಲಿ ಅದರ ಚರ್ಚೆ ಆಗಬೇಕಾದಷ್ಟು ಆಗಲಿಲ್ಲ.

ಅದರ ಜೀವ ಇರುವುದು 1948ರ ಒಂದು ಸೂಚನೆಯ ವಿವರಣೆಯಲ್ಲಿ. ಪಟ್ಟಿಗೆ ಸೇರಲು ಆ ಜಾಗದಲ್ಲಿ 180 ದಿನ ವಾಸವಿರಬೇಕೆಂಬುದು ನಿಯಮ. ದೇಶವಿಭಜನೆಯಲ್ಲಿ ಮನೆಮಠ ಬಿಟ್ಟು ಬಂದವರು ಆ ಲೆಕ್ಕ ತೋರಿಸುವುದಾದರೂ ಹೇಗೆ? ಅಸ್ಸಾಮಿನ ಅಧಿಕಾರಿಗಳು ಇವರನ್ನು ಅಲೆಮಾರಿಗಳೆಂದು ದೂರವಿಡಲು ನೋಡಿದರು. ನಿರಾಶ್ರಿತರ ಸಂಘಗಳು ದೆಹಲಿಗೆ ಪತ್ರದ ಮೇಲೆ ಪತ್ರ ಬರೆದವು. ಬೆನಗಲ್ ನರಸಿಂಗ ರಾವ್ ಸಲಹೆಗಾರರಾಗಿದ್ದ ಸಂವಿಧಾನ ಸಭೆಯ ಸಚಿವಾಲಯ, ಇಲ್ಲೇ ನೆಲೆಸುವ ಉದ್ದೇಶವಿದೆಯೆಂದು ಘೋಷಿಸಿದರೆ ಸಾಕು, ಹೆಸರು ಬರೆದುಕೊಳ್ಳಿ ಎಂದಿತು. ಸಂವಿಧಾನ ಇನ್ನೂ ಕರಡಾಗಿದ್ದಾಗಲೇ ಜನ ಅದನ್ನು ಹಿಡಿದು ವಾದಿಸಿದರು. ಮತ ನಮಗೆ ಪುಕ್ಕಟೆ ಸಿಕ್ಕಿತು, ಇಂಗ್ಲೆಂಡಿನ ಹೆಂಗಸರಂತೆ ಜೈಲಿಗೆ ಹೋಗಬೇಕಾಗಲಿಲ್ಲ ಎನ್ನುವ ವಿಮರ್ಶಕರು ಈ ಪತ್ರಗಳನ್ನು ಓದಲಿ. ಜೈಲು ಕಂಡರಷ್ಟೇ ಹೋರಾಟ ಎನ್ನುವುದು ಸೋಮಾರಿತನದ ಮಾತು. 1935ರ ಕಾಯ್ದೆಯಲ್ಲಿ ಆಸ್ತಿ, ತೆರಿಗೆ, ಓದಿನ ಅರ್ಹತೆಗಳು ಬಹುಪಾಲು ಜನರನ್ನು ಹೊರಗಿಟ್ಟಿದ್ದವೆಂಬುದನ್ನೂ ಅವರು ಮರೆಯುತ್ತಾರೆ.

ಕೃತಿಯ ಕೊರತೆ ನನಗೆ ಕಾಣುವುದು ಹೈದರಾಬಾದಿನ ಮಿಯಾಪುರದಲ್ಲಿ. ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಬೀದರ್, ಕಲಬುರಗಿ, ಯಾದಗಿರಿಯ ಕೂಲಿಗಳು ತಗಡಿನ ಶೆಡ್ಡುಗಳಲ್ಲಿದ್ದಾರೆ. 1952ರಲ್ಲಿ ಅವರ ಅಜ್ಜಂದಿರೂ ಇಲ್ಲಿನವರೂ ಮತ ಹಾಕಿದ್ದು ಒಂದೇ ಹೈದರಾಬಾದ್ ವಿಧಾನಸಭೆಗೆ. ಈಗ ಶೇರಿಲಿಂಗಂಪಲ್ಲಿ ಕ್ಷೇತ್ರದ ಪಟ್ಟಿಗೆ ಸೇರಬೇಕೆಂದರೆ ವಿಳಾಸದ ಪುರಾವೆ ಬೇಕು. ಶೆಡ್ಡಿಗೆ ಬಾಡಿಗೆ ಕರಾರು ಯಾರು ಕೊಡುತ್ತಾರೆ? ಊರಿನ ಹೆಸರು ತೆಗೆಸಿದರೆ ರೇಷನ್ ಕಾರ್ಡಿಗೂ ಕುತ್ತು ಬಂದೀತೆಂಬ ಅಂಜಿಕೆ ಬೇರೆ. ಶಾನಿ ನೆಚ್ಚಿಕೊಂಡದ್ದು ಪತ್ರಗಳನ್ನು. ಹಾಗಾಗಿ ಸಂಘ ಕಟ್ಟಿ, ಅರ್ಜಿ ಬರೆಯಬಲ್ಲವರು ಅವರ ಪುಟಗಳಲ್ಲಿ ಢಾಳಾಗಿ ಕಾಣುತ್ತಾರೆ. ಹೊಟ್ಟೆಪಾಡಿಗೆ ಗುಳೆ ಹೋಗುವವರು ಮಸುಕು.

ಆದರೂ ಅವರು ಎತ್ತಿ ತೋರಿಸಿದ ಆ ಸೂಚನೆಯನ್ನೇ ಅಳತೆಗೋಲಾಗಿ ಹಿಡಿಯುತ್ತೇನೆ. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ವಲಸಿಗರು ತಾವಿರುವಲ್ಲಿಂದಲೇ ಮತ ಹಾಕಬಹುದೆಂದು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಹೇಳಿತು. ಪಕ್ಷಗಳು ತಕರಾರು ತೆಗೆದವು, ಮಾತು ಅಲ್ಲಿಗೇ ನಿಂತಿತು. 1948ರ ಗುಮಾಸ್ತರಿಗೆ ಬೇಕಾದದ್ದು ಒಂದು ಘೋಷಣೆಯ ಕಾಗದ ಮಾತ್ರ.