ಬಾಟಲಿ ಬರುವ ಹೊತ್ತು

ಹೆರಿಗೆಗೆಂದು ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯ ತವರಿಗೆ ಹೋಗಿ, ಬಾಣಂತನ ಮುಗಿಸಿಕೊಂಡು ಮೂರು ನಾಲ್ಕು ತಿಂಗಳ ಕೂಸಿನೊಂದಿಗೆ ಮುಂಬಯಿಯ ಗೋರೆಗಾಂವಿಗೆ ಮರಳುವ ಕನ್ನಡದ ತಾಯಂದಿರಲ್ಲಿ ಉದ್ಯೋಗಸ್ಥರಾದವರಿಗೆ ಮನೆಯ ಹಿರಿಯರಿಂದ ಸಾಮಾನ್ಯವಾಗಿ ಸಿಗುವ ಸಲಹೆಯೊಂದಿದೆ: ಕೆಲಸಕ್ಕೆ ಹಾಜರಾಗುವ ಮೊದಲೇ ಮಗುವಿಗೆ ಬಾಟಲಿ ಅಭ್ಯಾಸ ಮಾಡಿಸಿಬಿಡಬೇಕು. ಈ ಸಲಹೆಯ ಹಿಂದೆ ಅಕ್ಕರೆಯಿದೆ, ಅನುಭವವೂ ಇದೆ. ಆದರೆ ತಾಯಿ ಇಲ್ಲದ ಹೊತ್ತಿನಲ್ಲಿ ಮಗು ಏನು ಕುಡಿಯಬೇಕು, ಯಾವುದರಿಂದ ಕುಡಿಯಬೇಕು, ಎದೆಹಾಲು ಎಷ್ಟು ಕಾಲ ಮುಂದುವರಿಯಬೇಕು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಅದು ಬಾಟಲಿಯೆಂಬ ಒಂದೇ ಉತ್ತರ ಕೊಡುತ್ತದೆ. ರೂಢಿಯ ದೋಷವಿರುವುದು ಅಲ್ಲಿಯೇ.

ಈ ಅವಸರಕ್ಕೆ ರಜೆಯ ಲೆಕ್ಕವೇ ಮುಖ್ಯ ಕಾರಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ವೇತನಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆದರೆ ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ಬಳಸಿಕೊಂಡವರಿಗೆ ಆಮೇಲೆ ಉಳಿಯುವುದು 18 ವಾರ ಮಾತ್ರ, ಅಂದರೆ ಮಗುವಿಗೆ ನಾಲ್ಕು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಾಯಿ ಕಚೇರಿಯಲ್ಲಿರಬೇಕಾಗುತ್ತದೆ. ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ ಒಟ್ಟು ರಜೆಯೇ 12 ವಾರ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಕುಡಿಸಬೇಕೆಂದು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಕೆಯ ಬಿಡುವುಗಳನ್ನು ಕೊಡಬೇಕೆಂದು ಕಾನೂನು ವಿಧಿಸಿದ್ದರೂ, ಗೋರೆಗಾಂವಿನಿಂದ ಚರ್ಚ್‌ಗೇಟಿಗೆ ಲೋಕಲ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುವಾಗ, ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ ಇರುವ ಆ ಬಿಡುವಿನಿಂದ ಮಗುವಿನ ಬಾಯಿಗೆ ಹಾಲು ಸೇರುವುದಿಲ್ಲ. ಸಂಬಳದ ಚೀಟಿಯನ್ನೇ ಕಾಣದ ಮನೆಗೆಲಸದ ಹೆಂಗಸರಿಗಂತೂ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಹೀಗಿರುವಾಗ ಬಾಟಲಿ ಹಿಡಿದ ತಾಯಿಯನ್ನು ದೂರುವ ವಿಮರ್ಶೆ ಅನ್ಯಾಯದ್ದಾಗುತ್ತದೆ, ಪರಿಶೀಲಿಸಬೇಕಾದದ್ದು ರೂಢಿಯನ್ನು.

ಮೊಲೆ ಚೀಪುವ ಮಗು ಬಾಯಿಯನ್ನು ಅಗಲವಾಗಿ ತೆರೆದು, ತೊಟ್ಟಿನ ಜೊತೆಗೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆಳೆದುಕೊಂಡು, ನಾಲಿಗೆ ಮತ್ತು ದವಡೆಯ ಬಲದಿಂದ ಹಾಲನ್ನು ಸೆಳೆಯುತ್ತದೆ. ಮೊದಲ ಕೆಲವು ಚೀಪುಗಳಿಗೆ ಹೆಚ್ಚೇನೂ ಸಿಗುವುದಿಲ್ಲ. ಆ ಚೀಪುವಿಕೆಯಿಂದಲೇ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು, ಎದೆಯೊಳಗಿನ ಸಣ್ಣ ಚೀಲಗಳನ್ನು ಹಿಂಡಿದ ಮೇಲೆ ಹಾಲು ಇಳಿಯುತ್ತದೆ. ಬಾಟಲಿಯಲ್ಲಿ ಈ ಕಾಯುವಿಕೆ ಇಲ್ಲ, ಓರೆ ಮಾಡಿದೊಡನೆ ಹಾಲು ತೊಟ್ಟಿಕ್ಕುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಬಾಟಲಿ ಕೊಟ್ಟರೆ ಕೆಲವು ಮಕ್ಕಳು ಮೊಲೆ ಹಿಡಿಯಲು ಬೇಸರಿಸುವುದಕ್ಕೆ ಇದೊಂದು ಕಾರಣ. ಐದು ತಿಂಗಳ ಮಗುವಿನ ಸಮಸ್ಯೆ ಇದಕ್ಕೆ ತಿರುಗುಮುರುಗು: ಅದಕ್ಕೆ ತಾಯಿಯ ವಾಸನೆ, ಮಡಿಲು, ಹಾಲಿಳಿಯುವ ಲಯ ಎಲ್ಲವೂ ಗೊತ್ತಾಗಿರುವುದರಿಂದ ರಬ್ಬರಿನ ನಿಪ್ಪಲನ್ನು ನಾಲಿಗೆಯಿಂದ ಹೊರಗೆ ತಳ್ಳಿ ಅಳುತ್ತದೆ. ಈ ನಿರಾಕರಣೆಯನ್ನು ಹಟವೆಂದು ಬಗೆದು, ಹಸಿದರೆ ತಾನೇ ಕುಡಿಯುತ್ತದೆ ಎಂದು ಉಪವಾಸ ಕೆಡವುವುದು ಈ ರೂಢಿಯ ಅತ್ಯಂತ ಕ್ರೂರ ಭಾಗ. ಹಸಿವು ನೆತ್ತಿಗೇರುವ ಮುನ್ನ, ತಾಯಿಯಲ್ಲದ ಬೇರೊಬ್ಬರು, ತಾಯಿಯದೇ ಹಾಲನ್ನು, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಬಾಟಲಿಯನ್ನು ಅಡ್ಡವಾಗಿ ಹಿಡಿದು, ನಡುನಡುವೆ ನಿಲ್ಲಿಸಿ ಕುಡಿಸಿದರೆ ಎಷ್ಟೋ ಮಕ್ಕಳು ಕೆಲವು ದಿನಗಳಲ್ಲಿ ಒಪ್ಪಿಕೊಳ್ಳುತ್ತವೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಎದೆಯಲ್ಲಿ ಹಾಲು ತುಂಬಿ ನಿಂತಷ್ಟೂ ಹೊಸ ಹಾಲಿನ ಉತ್ಪತ್ತಿ ತಗ್ಗುವುದು ದೇಹದ ನಿಯಮವಾದ್ದರಿಂದ, ಮಗುವಿಗೆ ಒಂದು ಹೊತ್ತು ಬಾಟಲಿ ಕೊಟ್ಟಾಗ ತಾಯಿ ಅದೇ ಹೊತ್ತಿಗೆ ಹಾಲನ್ನು ಹಿಂಡಿ ತೆಗೆಯದಿದ್ದರೆ ನಾಲ್ಕಾರು ದಿನಗಳಲ್ಲಿ ಹಾಲು ಇಳಿಮುಖವಾಗುತ್ತದೆ. ಆಗ ಮನೆಯವರು, ಹಾಲು ಸಾಲುತ್ತಿಲ್ಲ, ಬಾಟಲಿ ಶುರು ಮಾಡಿದ್ದೇ ಒಳ್ಳೆಯದಾಯಿತು ಎನ್ನುತ್ತಾರೆ. ಬಾಟಲಿಯ ಪರಿಣಾಮವೇ ಬಾಟಲಿಯ ಸಮರ್ಥನೆಯಾಗಿ ಮಾರ್ಪಡುವ ಈ ವರ್ತುಲದಲ್ಲಿ ಎಷ್ಟೋ ತಾಯಂದಿರು, ತಮ್ಮ ದೇಹದಲ್ಲಿ ಯಾವ ಕೊರತೆಯೂ ಇಲ್ಲದೆ, ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಬಾಟಲಿಯೊಳಗೆ ಏನಿರುತ್ತದೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಮುಂಬಯಿಯ ಎಮ್ಮೆಯ ತಬೇಲಗಳನ್ನು ನಗರದಿಂದ ಹೊರಗೆ ಸಾಗಿಸಲು 1949ರಲ್ಲಿ ಆರಂಭವಾದ ಆರೇ ಹಾಲಿನ ಕಾಲೊನಿ ಇರುವುದು ಗೋರೆಗಾಂವಿನ ಪೂರ್ವಕ್ಕೆ; ಕೊಬ್ಬು ಹೆಚ್ಚಿರುವ ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ತಯಾರಿಸುವ ವಿಧಾನವನ್ನು ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಡಬ್ಬಿಯ ಹಾಲಿನ ಆಕರ್ಷಣೆ ತಾಯಿಹಾಲನ್ನು ಹಿಂದಕ್ಕೆ ತಳ್ಳತೊಡಗಿದಾಗ, 1981ರ ಅಂತರರಾಷ್ಟ್ರೀಯ ಸಂಹಿತೆಯನ್ನು ಅನುಸರಿಸಿ ಭಾರತ 1992ರಲ್ಲಿ ಶಿಶು ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆ ತಂದು, 2003ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗಿನ ಮಕ್ಕಳ ಆಹಾರವನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಇದು ಜಗತ್ತಿನ ಕಟ್ಟುನಿಟ್ಟಿನ ಕಾನೂನುಗಳಲ್ಲಿ ಒಂದು. ಆದರೂ ಜಾಹೀರಾತನ್ನು ತಡೆದ ಕಾನೂನು ಅಡುಗೆಮನೆಯಲ್ಲಿ ನಿಂತ ಅಜ್ಜಿಗೆ ಏನನ್ನೂ ಕಲಿಸಲಾರದು. ಹಾಲಿಗೆ ನೀರು ಬೆರೆಸುವುದು, ಪುಡಿ ಉಳಿಸಲು ತೆಳ್ಳಗೆ ಕಲಸುವುದು, ಕುಡಿದು ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡುವುದು ಇನ್ನೂ ಉಳಿದುಕೊಂಡಿವೆ. ನಿಪ್ಪಲಿನ ಅಂಚಿನ ಒಳಮಗ್ಗುಲಲ್ಲಿ ಮತ್ತು ಮುಚ್ಚಳದ ತಿರುಪಿನ ಸಂದಿಯಲ್ಲಿ ಸೇರಿದ ಹಾಲಿನ ಜಿಡ್ಡು ಬ್ರಷ್ಷಿಗೂ ಸುಲಭವಾಗಿ ಸಿಗದೆ, ಮುಂಬಯಿಯ ಸೆಕೆಯಲ್ಲಿ ಬೇಗನೆ ಹುಳಿತು ಭೇದಿಗೆ ದಾರಿಯಾಗುತ್ತದೆ.

ಕನ್ನಡ ನಾಡಿನ ಹಳೆಯ ಬಾಣಂತಿಕೋಣೆಗಳಲ್ಲಿದ್ದ ಒಳಲೆ, ಅಂದರೆ ಕೊಕ್ಕಿನಂಥ ತುದಿಯ ಪುಟ್ಟ ಹಾಲಿನ ಪಾತ್ರೆ, ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಅದರಲ್ಲಿ ಜಿಡ್ಡು ಅಡಗುವ ಸಂದಿಗಳಿಲ್ಲ, ಒಂದೇ ಕುದಿಗೆ ಸ್ವಚ್ಛವಾಗುತ್ತದೆ. ತಮಿಳುನಾಡಿನಲ್ಲಿ ಪಾಲಾಡೈ ಎನಿಸಿಕೊಳ್ಳುವ ಇದೇ ಪಾತ್ರೆಯನ್ನು ಇಂದಿಗೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಾರ್ಡುಗಳಲ್ಲಿ ಬಳಸುತ್ತಾರೆ. ಆ ಪಾತ್ರೆಗೆ ತಾಯಿಹಾಲನ್ನೇ ತುಂಬುವುದಕ್ಕೂ ದಾರಿಯಿದೆ. ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಏಷ್ಯದ ಮೊದಲ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದ್ದು ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ. ಹಿಂಡಿ ತೆಗೆದ ಹಾಲನ್ನು ಕೆಡದಂತೆ ಇಟ್ಟು ಮಗುವಿಗೆ ಕೊಡಬಹುದು ಎಂಬುದು ಈ ನಗರಕ್ಕೆ ಹೊಸ ಸಂಗತಿಯೇನಲ್ಲ. ಮನೆಯಲ್ಲಿ ಹಿಂಡಿದ ಹಾಲು 25 ಡಿಗ್ರಿ ತಾಪಮಾನದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಉಳಿಯುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಬೇಕು.

ಹಾಗೆಂದು ಬಾಟಲಿ ಎಂದೂ ಬೇಡವೆಂಬ ವೈದ್ಯಕೀಯ ನಿಲುವನ್ನು ಹಾಗೆಯೇ ಒಪ್ಪಲಾಗದು. ಆರೇಳು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವ ಪಾಳಣಾಘರದ (ಶಿಶುಪಾಲನಾ ಕೇಂದ್ರದ) ಆಯಾ, ಕೈ ನಡುಗುವ ಅಜ್ಜಿ, ಲೋಟದಿಂದ ಗುಟುಕು ಗುಟುಕಾಗಿ ಕುಡಿಸುವಷ್ಟು ವ್ಯವಧಾನ ಉಳ್ಳವರಲ್ಲ. ನಾಲ್ಕರಿಂದ ಆರು ತಿಂಗಳ ನಡುವಿನ ಆ ಕಂದಕವನ್ನು ದಾಟಲು ತಾಯಿಯ ಹಾಲು ತುಂಬಿದ, ಪ್ರತಿ ಬಾರಿ ಕುದಿಸಿದ ಬಾಟಲಿ ಸಮರ್ಥನೀಯವೇ. ಕೂಡದು ಎಂದಷ್ಟೇ ಹೇಳಿ ಸುಮ್ಮನಾಗುವ ವೈದ್ಯರು ತಾಯಿಯನ್ನು ಪುಡಿಯ ಡಬ್ಬಿಯ ಕೈಗೆ ಒಪ್ಪಿಸಿದಂತಾಗುತ್ತದೆ. ಆದರೆ ಆರು ತಿಂಗಳು ದಾಟಿ, ರಾಗಿ ಮಣ್ಣಿ ತಿನ್ನಲು ತೊಡಗಿ, ಲೋಟದ ಅಂಚಿಗೆ ತುಟಿಯಿಡಬಲ್ಲ ಮಗುವಿಗೆ ಹೊಸದಾಗಿ ಬಾಟಲಿ ಕಲಿಸುವುದು ಬಹುಪಾಲು ಅನಗತ್ಯ. ಕಲಿಸಿದ್ದನ್ನು ವರ್ಷ ತುಂಬಿದ ಮೇಲೆ ಬಿಡಿಸಲು ಮತ್ತೊಮ್ಮೆ ಹೆಣಗಬೇಕು, ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಿಗೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ಕೆಲಸಕ್ಕೆ ಹೋಗುವವಳು ಮೊಲೆ ಬಿಡಿಸಲೇಬೇಕೆಂಬ ನಂಬಿಕೆಗೂ ಆಧಾರವಿಲ್ಲ. ಬೆಳಿಗ್ಗೆ ಹೊರಡುವ ಮುನ್ನ, ಸಂಜೆ ಬಂದ ಕೂಡಲೇ ಮತ್ತು ರಾತ್ರಿ ಕುಡಿಸಿದರೂ ಹಾಲು ನಿಲ್ಲುವುದಿಲ್ಲ; ಒಂದು ವರ್ಷದಿಂದ ಎರಡು ವರ್ಷದೊಳಗಿನ ಮಗುವಿಗೆ ಬೇಕಾದ ಶಕ್ತಿಯ ಮೂರನೇ ಒಂದರಷ್ಟನ್ನು ಎದೆಹಾಲು ಒದಗಿಸಬಲ್ಲದು.

ರಾಯಗಡದ ಕೋಟೆಯ ಬಾಗಿಲು ಮುಚ್ಚಿದಾಗ ಹಸಿದ ಕೂಸಿಗಾಗಿ ಕಡಿದಾದ ಬಂಡೆಯಿಳಿದಳೆನ್ನುವ ಐತಿಹ್ಯದ ಹಾಲು ಮಾರುವ ಹೆಂಗಸು ಹಿರಕಣಿಯ ಹೆಸರಿನಲ್ಲಿ ಮಹಾರಾಷ್ಟ್ರ ಸರ್ಕಾರ ಹಾಲೂಡಿಕೆಯ ಕೋಣೆಗಳನ್ನು ತೆರೆದಿರುವುದು ಮೆಚ್ಚತಕ್ಕದ್ದು. ಅವು ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಒದಗುತ್ತವೆ. ಮಗುವನ್ನು ಗೋರೆಗಾಂವಿನಲ್ಲಿ ಬಿಟ್ಟು ಬಂದು, ಎದೆ ಬಿಗಿದು ನೋಯುತ್ತಿರುವ ತಾಯಿಗೆ ಬೇಕಾದದ್ದು ತನ್ನ ಕಚೇರಿಯಲ್ಲೇ ಚಿಲಕವಿರುವ ಒಂದು ಕೋಣೆ, ಕೈ ತೊಳೆಯಲು ನಲ್ಲಿ ಮತ್ತು ಒಂದು ಫ್ರಿಜ್ಜು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಾನೂನಿನ ಕಡ್ಡಾಯ. ಅದಕ್ಕಿಂತ ಚಿಕ್ಕ ಹೋಟೆಲು, ಅಂಗಡಿ, ಕಚೇರಿಗಳನ್ನು ನಡೆಸುವ ಕನ್ನಡಿಗರು ಮುಂಬಯಿಯಲ್ಲಿ ಬಹಳ ಮಂದಿ ಇದ್ದಾರೆ, ಕೋಣೆ, ನಲ್ಲಿ, ಫ್ರಿಜ್ಜು ಈ ಮೂರನ್ನು ಒದಗಿಸಲು ಅವರು ಕಾನೂನಿಗಾಗಿ ಕಾಯಬೇಕಾಗಿಲ್ಲ.